ಡಬ್ಬಿ ಮೇಸ್ತ್ರಿ ಅಕ್ಕನ ಸೀಟು ಎತ್ತರಿಸಿದ್ದು

ಆ ಗ್ಯಾರೇಜಿನೊಳಗೆ ಮೊದಲ ಸಲ ಕಾಲಿಟ್ಟವರು, ದಾರಿ ತಪ್ಪಿ ಔಷಧಿ ಅಂಗಡಿಗೆ ಬಂದೆವೇನೋ ಎಂದು ಗಲಿಬಿಲಿಗೊಳ್ಳುತ್ತಿದ್ದರು. ಮೂರು ಗೋಡೆಗಳ ತುಂಬ ಹಲಗೆಗಳು, ಹಲಗೆಗಳ ತುಂಬ ಡಬ್ಬಿಗಳು. ಬಿಸ್ಕತ್ತಿನ ಡಬ್ಬಿ, ಬಣ್ಣದ ಡಬ್ಬಿ, ಮುಚ್ಚಳ ಬಿರುಕು ಬಿಟ್ಟ ಪ್ಲಾಸ್ಟಿಕ್ ಡಬ್ಬಿ. ಒಂದೊಂದರ ಮೇಲೂ ಬಿಳಿಯ ಚೀಟಿ, ಚೀಟಿಯ ಮೇಲೆ ದುಂಡನೆಯ ಅಕ್ಷರ: ‘ಡಾಕ್ಟರ ಹಸಿರು ಕಾರು, ಮುಂದಿನ ದೀಪದ ಮೂಲ ತಿರುಪು, ನಾಲ್ಕು.’ ‘ಬೇಕರಿಯವರ ವ್ಯಾನು, ಹಳೆಯ ಹಾರನ್ನು, ವೈರು ಸಮೇತ.’

ಗಾಡಿಗೆ ಹೊಸದೇನನ್ನಾದರೂ ಜೋಡಿಸುವಾಗ ಬಿಚ್ಚಿ ತೆಗೆದದ್ದು ಒಂದು ವಾಷರ್ ಆಗಿದ್ದರೂ ಅದು ಡಬ್ಬಿ ಸೇರಲೇಬೇಕು. ಗಾಡಿಯ ಮೈಗೆ ತೂತು ಕೊರೆಯುವಂತಿಲ್ಲ, ವೈರು ಕತ್ತರಿಸುವಂತಿಲ್ಲ. ಗಿರಾಕಿ ಎಂದಾದರೂ ಬಂದು ‘ಮೊದಲಿದ್ದಂತೆ ಮಾಡಿಕೊಡಿ’ ಎಂದರೆ ಮೊದಲಿದ್ದಂತೆಯೇ ಆಗಬೇಕು. ಇದು ಆ ಗ್ಯಾರೇಜಿನ ಮೇಸ್ತ್ರಿಯ ನೇಮ. ಹೀಗಾಗಿ ಜನರ ಬಾಯಲ್ಲಿ ಅವನು ಡಬ್ಬಿ ಮೇಸ್ತ್ರಿಯೇ ಆಗಿಹೋದ. ಚೀಟಿಯ ಮೇಲಿನ ಅಕ್ಷರಗಳು ಮಾತ್ರ ಹೆಂಡತಿಯವು. ಅವನು ಬರೆದದ್ದು ಮರುದಿನ ಅವನಿಗೇ ಓದಲು ಬರುತ್ತಿರಲಿಲ್ಲ.

“ಅಡುಗೆಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಹತ್ತು ವರ್ಷದ ಹಿಂದಿನ ತಿರುಪು ಎಲ್ಲಿದೆ ಅಂತ ಮಾತ್ರ ಕಣ್ಣು ಮುಚ್ಕೊಂಡು ಹೇಳ್ತಾರೆ,” ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಈ ನೇಮ ಸುಮ್ಮನೆ ಬಂದದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಫೋಟೋಗ್ರಾಫರ್ ತನ್ನ ಹೊಸ ವ್ಯಾನಿಗೆ ಮಂಜಿನ ದೀಪ ಹಾಕಿಸಿಕೊಳ್ಳಲು ಬಂದಿದ್ದ. ಮೇಸ್ತ್ರಿಗೆ ಆಗ ಬಿಸಿ ರಕ್ತ. ಅರ್ಧ ಗಂಟೆಯಲ್ಲಿ ವೈರು ಕತ್ತರಿಸಿ, ಬೆಸೆದು, ಟೇಪು ಸುತ್ತಿ ಕಳುಹಿಸಿದ್ದ. ಎರಡು ತಿಂಗಳಿಗೆ ವ್ಯಾನು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಕಂಪನಿಯವರು ಕೇಳಿದಾಗ ಮೇಸ್ತ್ರಿ, “ನಾನು ವೈರಿಗೆ ಕೈಯೇ ಹಚ್ಚಿಲ್ಲ,” ಎಂದುಬಿಟ್ಟ. ಅವರು ಬಾನೆಟ್ಟು ಎತ್ತಿ, ಇನ್ನೂ ಹೊಳೆಯುತ್ತಿದ್ದ ಆ ಟೇಪನ್ನು ಬೆರಳಿನಿಂದ ತೋರಿಸಿದರು. ವ್ಯಾನಿನ ವಾರಂಟಿ ಅಲ್ಲಿಗೆ ಮುಗಿಯಿತು. ಫೋಟೋಗ್ರಾಫರ್ ಜಗಳವನ್ನೂ ಆಡಲಿಲ್ಲ, ಆಮೇಲೆ ಗ್ಯಾರೇಜಿನ ಕಡೆ ತಲೆಯನ್ನೂ ಹಾಕಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ. ಬೈಯದೆ ಹೋದದ್ದು ಮೇಸ್ತ್ರಿಯ ಮನಸ್ಸಿನಲ್ಲಿ ಹಾಗೇ ಕುಳಿತುಬಿಟ್ಟಿತು.

ಇಂಥವನ ಬಾಗಿಲಿಗೆ ಒಂದು ಬೆಳಿಗ್ಗೆ, ಎರಡೇ ಸೀಟಿನ ಹೊಚ್ಚ ಹೊಸ ಕೆಂಪು ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಒಳಗೆ ಚಾಲಕರೇ ಕಾಣಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡು ಕೈ, ಅವುಗಳ ನಡುವೆ ಒಂದಿಷ್ಟು ನರೆಗೂದಲು, ಅಷ್ಟೆ. ಬಾಗಿಲು ತೆರೆದುಕೊಂಡಾಗ ಇಳಿದವಳು ಅವನ ಸ್ವಂತ ಅಕ್ಕ.

ಅಕ್ಕ ಮೂವತ್ತು ವರ್ಷ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿ ನಿವೃತ್ತಳಾದವಳು. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಸೈರನ್ ಅಕ್ಕ. ಆಳು ಗಿಡ್ಡ, ಗಂಟಲು ದೊಡ್ಡದು. ಆಂಬುಲೆನ್ಸಿನ ಸೀಟು ಮಂಚದಷ್ಟು ಎತ್ತರವಿದ್ದುದರಿಂದ ಅವಳ ಗಿಡ್ಡತನ ಅಲ್ಲಿ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

“ಏನೋ ಹಾಗೆ ಬಾಯಿ ಬಿಟ್ಕೊಂಡು ನೋಡ್ತೀಯ? ಮೂವತ್ತು ವರ್ಷ ಬೇರೆಯವರ ಅವಸರಕ್ಕೆ ಓಡಿಸ್ದೆ. ಇನ್ಮೇಲೆ ನನ್ನ ಖುಷಿಗೆ ಓಡಿಸ್ತೀನಿ.”

“ಓಡಿಸು ಅಕ್ಕ, ಬೇಡ ಅಂದೋರ್ಯಾರು? ರಸ್ತೆ ಕಾಣುತ್ತಾ?”

“ಆಕಾಶ ಚೆನ್ನಾಗಿ ಕಾಣುತ್ತೆ,” ಎಂದಳು.

ಕಾರಿನ ಸೀಟು ನೆಲಕ್ಕೆ ಅಂಟಿಕೊಂಡಂತಿತ್ತು. ದಿಂಬು ಹಾಕಿ ನೋಡಿದ್ದಳಂತೆ. ಬ್ರೇಕು ಒತ್ತಿದಾಗ ದಿಂಬಿನ ಜೊತೆಗೆ ಅವಳೂ ಜಾರಿದ್ದಳು. ಷೋರೂಮಿನಲ್ಲಿ ಕೇಳಿದರೆ, ಈ ಮಾದರಿಗೆ ಎತ್ತರದ ಸೀಟು ಬರುವುದಿಲ್ಲ, ಹೊರಗೆ ಕೈ ಹಾಕಿಸಿದರೆ ವಾರಂಟಿಗೆ ನಾವು ಜವಾಬ್ದಾರರಲ್ಲ ಎಂದಿದ್ದರು. ಐದು ವರ್ಷದ ವಾರಂಟಿ. ಅದು ಇದೆಯೆಂಬ ಧೈರ್ಯದ ಮೇಲೆಯೇ ಅವಳು ಈ ಕಾರು ತೆಗೆದುಕೊಂಡದ್ದು. ವಾರಂಟಿ ಇಲ್ಲದೆ ಅಂಥ ಕಾರಿನ ಗೇರು ಪೆಟ್ಟಿಗೆಯೋ ಎಂಜಿನ್ನೋ ಕೆಟ್ಟರೆ, ಪಿಂಚಣಿಯಲ್ಲಿ ಬದುಕುವವಳು ಕಾರನ್ನು ಮಾರಿ ಕೈತೊಳೆದುಕೊಳ್ಳಬೇಕಾಗುತ್ತಿತ್ತು.

“ಸೀಟು ಎತ್ತರ ಆಗ್ಬೇಕು, ವಾರಂಟಿ ಹೋಗ್ಬಾರ್ದು. ಆಗುತ್ತೋ ಇಲ್ವೋ, ಅಷ್ಟು ಹೇಳು.”

“ಪುಸ್ತಕ ಕೊಡು, ಹೇಳ್ತೀನಿ.”

ವಾರಂಟಿಯ ಪುಸ್ತಕವನ್ನು ಅವನು ಮೂರು ದಿನ ಓದಿದ. ಪರೀಕ್ಷೆಗೆ ಕೂತ ಹುಡುಗನಂತೆ ಪೆನ್ಸಿಲು ಹಿಡಿದು, ತುಟಿ ಅಲ್ಲಾಡಿಸುತ್ತ ಓದಿದ. ‘ಮಾಲೀಕರು ಮಾಡಿಸಿದ ಬದಲಾವಣೆಯಿಂದ ಉಂಟಾದ ದೋಷಕ್ಕೆ ವಾರಂಟಿ ಅನ್ವಯಿಸುವುದಿಲ್ಲ’ ಎಂಬ ಸಾಲಿನ ಕೆಳಗೆ ಗೀಟು ಹಾಕಿದ. ಬದಲಾವಣೆಯಿಂದ ಆಗದ ದೋಷಕ್ಕೆ ಕಂಪನಿ ಹೊಣೆಯೇ ಎಂದಾಯಿತು. ಮುಂದಿನ ಪುಟದಲ್ಲಿ ಇನ್ನೊಂದು ಸಾಲಿತ್ತು: ವಿದ್ಯುತ್ ಸಂಪರ್ಕಗಳನ್ನು ಕೆಡಿಸಿದ್ದು ಕಂಡುಬಂದರೆ ಆ ವ್ಯವಸ್ಥೆಯ ವಾರಂಟಿ ಪೂರ್ತಿ ರದ್ದು. ಅದರ ಕೆಳಗೆ ಎರಡು ಗೀಟು ಬಿದ್ದವು. ಏಕೆಂದರೆ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇತ್ತು, ಅದಕ್ಕೆ ಹೋಗುವ ಹಳದಿ ವೈರು ಸೀಟಿನ ಅಡಿಯಲ್ಲೇ ಇತ್ತು. ಸೀಟು ತೆಗೆಯಬೇಕಾದರೆ ಅದನ್ನು ಬಿಡಿಸಲೇಬೇಕು.

ಒಂದು ನೋಟ್‌ಬುಕ್ಕಿನಲ್ಲಿ ಕೆಲಸದ ಕ್ರಮವನ್ನು ಹೆಂಡತಿಯ ಕೈಯಲ್ಲಿ ಬರೆಸಿದ. ಒಂದು: ಬ್ಯಾಟರಿಯ ತಂತಿ ಬಿಚ್ಚುವುದು. ಎರಡು: ಏರ್‌ಬ್ಯಾಗಿನಲ್ಲಿ ಉಳಿದ ಕರೆಂಟು ಇಳಿಯಲು ಹತ್ತು ನಿಮಿಷ ಕಾಯುವುದು. ಮೂರು: ಹಳದಿ ವೈರಿನ ಕೊಂಡಿ ಕಳಚುವುದು. ಆಮೇಲೆ ಸೀಟು ಬಿಚ್ಚಿ, ಅದರ ಕಾಲುಗಳ ಅಡಿಗೆ ಮೂರು ಬೆರಳು ದಪ್ಪದ ಉಕ್ಕಿನ ಅಡ್ಡಪಟ್ಟಿಗಳನ್ನಿಟ್ಟು, ಮೂಲದಷ್ಟೇ ಗಟ್ಟಿಯಾದ ಉದ್ದನೆಯ ಬೋಲ್ಟು ಹಾಕಿ ಬಿಗಿಯುವುದು. ಕಾಲಿಗೆ ಪೆಡಲುಗಳು ಸಿಗುವಂತೆ ಅವುಗಳ ಮೇಲೆ ಕ್ಲಾಂಪಿನಿಂದ ಕಚ್ಚಿಸುವ ದಪ್ಪ ತಟ್ಟೆ. ಎಂಟು: ಹಳದಿ ಕೊಂಡಿ ಮತ್ತೆ ಸೇರಿಸುವುದು. ಒಂಬತ್ತು: ಬ್ಯಾಟರಿಯ ತಂತಿ ಹಾಕುವುದು. ಪ್ರತಿ ಹೆಜ್ಜೆಗೂ ಒಂದು ಫೋಟೋ.

ಕೆಲಸದ ದಿನ ಅಕ್ಕ ಬೆಳಿಗ್ಗೆಯೇ ಬಂದು ಸ್ಟೂಲು ಹಾಕಿಕೊಂಡು ಕೂತಳು.

“ಆಯ್ತೇನೋ?”

“ಬ್ಯಾಟರಿ ಬಿಚ್ಚಿದೀನಿ. ಹತ್ತು ನಿಮಿಷ ಕಾಯ್ಬೇಕು.”

“ಹತ್ತು ನಿಮಿಷದಲ್ಲಿ ನಾನು ಎರಡು ಹೆರಿಗೆ ಕೇಸು ಆಸ್ಪತ್ರೆಗೆ ಮುಟ್ಟಿಸ್ತಿದ್ದೆ ಕಣೋ.”

“ಇದು ಹೆರಿಗೆ ಅಲ್ಲ, ಅಕ್ಕ.”

“ಅತ್ತಿಗೆ, ನೀವು ಒಳಗೆ ಬನ್ನಿ, ಇಲ್ಲಿದ್ರೆ ಅವರ ತಲೆ ತಿಂತೀರಿ,” ಎಂದು ಮೇಸ್ತ್ರಿಯ ಹೆಂಡತಿ ಕರೆದಳು. ಅಕ್ಕ ಕದಲಲಿಲ್ಲ. ಸೀಟು ಹೊರಬಂತು, “ಆಯ್ತೇನೋ?” ಅಡ್ಡಪಟ್ಟಿ ಕೂತಿತು, “ಆಯ್ತೇನೋ?” ಮೂಲ ಬೋಲ್ಟುಗಳು ನಾಲ್ಕೂ ಡಬ್ಬಿಗೆ ಬಿದ್ದವು, ಚೀಟಿ ಅಂಟಿತು, “ಇನ್ನೂ ಆಗ್ಲಿಲ್ವೇನೋ?”

ಸೀಟು ಬಿಗಿದಾದ ಮೇಲೆ ಮೇಸ್ತ್ರಿ ಅದರ ಅಡಿಗೆ ಕೈ ತೂರಿಸಿದ. ಹಳದಿ ಕೊಂಡಿ ಬೆರಳಿಗೆ ಸಿಕ್ಕಿತು, ಅದನ್ನು ಕೂರಿಸುವ ಜಾಗ ಕಣ್ಣಿಗೆ ಸಿಗಲಿಲ್ಲ. ಓದುವ ಕನ್ನಡಕ ಮನೆಯೊಳಗಿತ್ತು. ಅಷ್ಟರಲ್ಲಿ ಹನ್ನೊಂದನೆಯ ಸಲವೋ ಹನ್ನೆರಡನೆಯ ಸಲವೋ “ಆಯ್ತೇನೋ?” ಕೇಳಿಸಿತು. “ಆದಂಗೇ, ಅಕ್ಕ!” ಎಂದು ಸಿಡುಕಿ, ಹೋಗುವ ದಾರಿಯಲ್ಲಿ ಇದೊಂದು ಮುಗಿಯಲಿ ಎಂದು ಬ್ಯಾಟರಿಯ ತಂತಿಯನ್ನು ಬಿಗಿದು, ಕನ್ನಡಕ ತರಲು ಒಳಗೆ ಹೋದ. ಎಂಟು ಆಗುವ ಮೊದಲು ಒಂಬತ್ತಕ್ಕೆ ಕೈ ಹಾಕಿದ್ದು ಡಬ್ಬಿ ಮೇಸ್ತ್ರಿಯಾದ ಮೇಲೆ ಅದೇ ಮೊದಲು.

ಅಕ್ಕ, ಎತ್ತರ ಹೇಗಿದೆ ನೋಡೋಣ ಎಂದು ಸೀಟಿನಲ್ಲಿ ಕುಳಿತಳು. ಕುಳಿತಳೋ ಇಲ್ಲವೋ, ಅವಳ ಬಲಗೈ ಸ್ಟಾರ್ಟಿನ ಗುಂಡಿಯ ಮೇಲಿತ್ತು. ಮೂವತ್ತು ವರ್ಷದ ರೂಢಿ. ಬೆನ್ನು ಸೀಟಿಗೆ ತಾಗಿದರೆ ಸಾಕು, ಬಾಗಿಲು ಮುಚ್ಚುವ ಮೊದಲೇ ಎಂಜಿನ್ ಶುರುವಾಗಬೇಕು. ಬೀಗದ ಕೈ ಅವಳ ಜೇಬಿನಲ್ಲೇ ಇತ್ತು. ಕಾರು ಗುರ್ ಎಂದಿತು.

ಮನೆಯೊಳಗಿದ್ದ ಮೇಸ್ತ್ರಿಗೆ ಆ ಸದ್ದು ಕೇಳಿಸಿತು. ಓಡಿಬಂದು ನೋಡಿದರೆ, ಅಕ್ಕ ಮುಂದಿನ ಗಾಜಿನಾಚೆಗೆ ನೋಡುತ್ತ ಮುಖವರಳಿಸಿ ಕೂತಿದ್ದಾಳೆ. “ರಸ್ತೆ ಕಾಣುತ್ತೆ ಕಣೋ! ಆ ಹಳ್ಳ, ಆ ಬೆಕ್ಕು, ಎಲ್ಲ ಕಾಣುತ್ತೆ!” ಅವಳ ಕಣ್ಣ ಕೆಳಗೇ ಒಂದು ಕೆಂಪು ದೀಪ ಉರಿಯುತ್ತಿತ್ತು: ಕುಳಿತ ಮನುಷ್ಯ, ಅವನ ಎದುರಿಗೊಂದು ಚೆಂಡು. ಏರ್‌ಬ್ಯಾಗಿನ ಎಚ್ಚರಿಕೆ.

ಎಂಜಿನ್ ಆರಿಸಿ, ಬ್ಯಾಟರಿ ಬಿಚ್ಚಿ, ಕಾದು, ಕೊಂಡಿಯನ್ನು ಸರಿಯಾಗಿ ಕೂರಿಸಿ ಮತ್ತೆ ಹಚ್ಚಿದರೂ ದೀಪ ಆರಲಿಲ್ಲ. ಆರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೊಂಡಿ ಇಲ್ಲದೆ ಶುರುವಾದದ್ದನ್ನು ಕಾರು ತನ್ನ ಕಂಪ್ಯೂಟರಿನಲ್ಲಿ ದಾಖಲಿಸಿಕೊಂಡಿತ್ತು. ಪುಸ್ತಕದಲ್ಲಿ ಎರಡು ಗೀಟು ಹಾಕಿದ ಸಾಲು ಅವನ ಕಣ್ಣಿನ ಮುಂದೆ ಬಂತು.

ಎದುರಿನ ಟೈರು ಅಂಗಡಿಯವನು ಸದ್ದು ಕೇಳಿ ಬಂದ. “ಅಯ್ಯೋ ಇಷ್ಟೇನಾ? ನನ್ನ ಹತ್ರ ಮಿಷನ್ ಇದೆ, ಅಳಿಸಿಬಿಡೋಣ. ಒಂದು ನಿಮಿಷ. ಕಂಪನಿಯವರಿಗೆ ಕನಸು ಬೀಳುತ್ತಾ?”

ಅಕ್ಕ ತಮ್ಮನ ಮುಖ ನೋಡಿದಳು. “ಅಳಿಸಿಬಿಡೋ. ತಪ್ಪು ನಂದು, ನಿನ್ನ ಹೆಸರು ಯಾಕೆ ಕೆಡಬೇಕು?”

ಮೇಸ್ತ್ರಿ ನೋಟ್‌ಬುಕ್ ತೆಗೆದ. ಹೊಳೆಯುವ ಆ ಟೇಪು, ಅದನ್ನು ತೋರಿಸಿದ ಬೆರಳು ಇಪ್ಪತ್ತು ವರ್ಷದಿಂದ ಅವನ ಬೆನ್ನು ಬಿಟ್ಟಿರಲಿಲ್ಲ. “ಬರಿ,” ಎಂದು ಹೆಂಡತಿಗೆ ಹೇಳಿದ. “ಹನ್ನೊಂದು ಇಪ್ಪತ್ತಕ್ಕೆ, ಎಂಟನೆಯದಕ್ಕಿಂತ ಮೊದಲು ಒಂಬತ್ತನೆಯದು ಮಾಡಲಾಯಿತು. ಕೊಂಡಿ ಇಲ್ಲದೆ ಎಂಜಿನ್ ಒಂದು ಸಲ ಶುರುವಾಯಿತು. ತಪ್ಪು ಮೇಸ್ತ್ರಿಯದು.”

“ರೀ, ಇದನ್ನ ಓದಿ ಅವರು ವಾರಂಟಿ ಇಲ್ಲ ಅಂದ್ರೆ?”

“ಅಂದ್ರೆ ಅಕ್ಕನ ಕಾಲು ಹಿಡೀತೀನಿ. ಈಗ ಬರಿ.”

ಮರುದಿನ ಬೆಳಿಗ್ಗೆ ಕಂಪನಿಯ ಸರ್ವಿಸ್ ಸೆಂಟರಿಗೆ ಇಬ್ಬರೂ ಹೋದರು. ನೆಲ ಕನ್ನಡಿಯಂತಿತ್ತು, ಮೇಸ್ತ್ರಿ ಬಾಗಿಲಲ್ಲೇ ಚಪ್ಪಲಿಯನ್ನು ಎರಡು ಸಲ ಒರೆಸಿದ. ಅಲ್ಲಿನ ಮೇಲ್ವಿಚಾರಕಿ ಮೂವತ್ತರ ಆಸುಪಾಸಿನವಳು, ಕಿವಿಯ ಮೇಲೆ ಪೆನ್ನು. ಕಾರಿಗೆ ಕಂಪ್ಯೂಟರ್ ಜೋಡಿಸಲು ಹೊರಟವಳನ್ನು ಮೇಸ್ತ್ರಿ ತಡೆದ.

“ಮೇಡಂ, ಅದು ಹೇಳೋಕೆ ಮೊದಲು ನಾನೇ ಹೇಳ್ತೀನಿ,” ಎಂದು ನೋಟ್‌ಬುಕ್ ಮುಂದಿಟ್ಟ. ಪಕ್ಕದಲ್ಲಿ ಮೂಲ ಬೋಲ್ಟುಗಳ ಡಬ್ಬಿ. “ತಪ್ಪು ನಂದು.”

“ಅಲ್ಲ ಮೇಡಂ, ನಂದು,” ಎಂದಳು ಅಕ್ಕ. “ಗುಂಡಿ ಒತ್ತಿದ್ದು ನಾನು.”

“ಬ್ಯಾಟರಿ ಹಾಕಿದ್ದು ನಾನು, ಅಕ್ಕ.”

“ನಿನ್ನ ತಲೆ ತಿಂದಿದ್ದು ನಾನಲ್ವೇನೋ?”

“ಅಮ್ಮ, ಸರ್, ಒಂದು ನಿಮಿಷ,” ಎಂದು ಮೇಲ್ವಿಚಾರಕಿ ನಗು ತಡೆದುಕೊಂಡಳು. “ಇಲ್ಲಿಗೆ ಬರೋರೆಲ್ಲ ‘ನಾವು ಮುಟ್ಟೇ ಇಲ್ಲ’ ಅಂತಾರೆ. ತಪ್ಪು ನಂದು ನಂದು ಅಂತ ಕಿತ್ತಾಡೋರನ್ನ ಇವತ್ತೇ ನೋಡಿದ್ದು.”

ಅವಳು ನೋಟ್‌ಬುಕ್ಕನ್ನು ನಿಂತುಕೊಂಡೇ ಓದತೊಡಗಿದಳು, ಎರಡನೆಯ ಪುಟಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ಕಂಪ್ಯೂಟರ್ ಜೋಡಿಸಿದಳು. ದಾಖಲೆ ಒಂದೇ ಇತ್ತು: ಚಾಲಕರ ಸೀಟು, ಸಂಪರ್ಕ ಇಲ್ಲ, ಒಂದು ಸಲ. ಹೊತ್ತು ಹನ್ನೊಂದು ಇಪ್ಪತ್ತೊಂದು. ಸೀಟಿನ ಅಡಿಗೆ ಟಾರ್ಚು ಹಿಡಿದು ಮಲಗಿ ನೋಡಿದಳು. ವೈರಿನ ಮೇಲೆ ಗೀರಿಲ್ಲ, ನೆಲದಲ್ಲಿ ಹೊಸ ತೂತಿಲ್ಲ. ಬೋಲ್ಟುಗಳನ್ನು ಬಿಗಿತ ಅಳೆಯುವ ತನ್ನ ಸ್ಪ್ಯಾನರಿನಿಂದ ಒಂದೊಂದಾಗಿ ಪರೀಕ್ಷಿಸಿದಳು. ಕೊನೆಗೆ ನೋಟ್‌ಬುಕ್ ಎತ್ತಿಕೊಂಡು, “ನಮ್ಮ ಮ್ಯಾನೇಜರನ್ನ ಕೇಳ್ಬೇಕು,” ಎಂದು ಒಳಗೆ ಹೋದಳು.

ಅರ್ಧ ಗಂಟೆಯಾಯಿತು. ಅಕ್ಕ ಗಡಿಯಾರ ನೋಡಿದಳು, ತಮ್ಮನನ್ನು ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ‘ಆಯ್ತೇನೋ’ ಎಂದು ಕೇಳದೆ ಅವಳು ಅಷ್ಟು ಹೊತ್ತು ಕೂತದ್ದು ಅದೇ ಮೊದಲಿರಬೇಕು.

ಮೇಲ್ವಿಚಾರಕಿ ಒಂದು ಹಾಳೆ ಹಿಡಿದು ಬಂದಳು. “ನೋಡಿ ಅಮ್ಮ, ಸೀಟಿನ ಅಡ್ಡಪಟ್ಟಿಗೂ ಪೆಡಲಿನ ತಟ್ಟೆಗೂ ಕಂಪನಿ ಹೊಣೆ ಅಲ್ಲ. ಅವುಗಳಿಂದ ಏನಾದ್ರೂ ಆದ್ರೆ ನಿಮ್ಮದೇ. ಮಿಕ್ಕಿದ್ದೆಲ್ಲ, ಎಂಜಿನ್, ಗೇರು, ವೈರಿಂಗು, ಇದ್ದ ಹಾಗೇ ಇರುತ್ತೆ. ಬರೆದು ಮೊಹರು ಹಾಕಿದೀವಿ. ದೀಪವನ್ನ ನಾವೇ ಆರಿಸ್ತೀವಿ.”

ಮೇಸ್ತ್ರಿ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿದ, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ. ಅಕ್ಷರಗಳು ಯಾಕೋ ಮಸುಕಾಗಿದ್ದವು.

“ಮೇಡಂ, ಅಳಿಸಿ ತಂದಿದ್ರೆ?”

“ಅಳಿಸಿದ್ರೆ ಅಳಿಸಿದ್ದು ಗೊತ್ತಾಗುತ್ತೆ ಸರ್. ಆಮೇಲೆ ನಿಮ್ಮ ಪುಸ್ತಕದ ಒಂದು ಸಾಲನ್ನೂ ನಂಬ್ತಿರಲಿಲ್ಲ,” ಎಂದಳು. ನೋಟ್‌ಬುಕ್ ಇನ್ನೂ ಅವಳ ಕೈಯಲ್ಲೇ ಇತ್ತು. “ಹೋದ ತಿಂಗಳು ಒಬ್ಬರು ಬಂದಿದ್ರು. ಬಲಗಾಲು ಸ್ವಾಧೀನ ಇಲ್ಲ, ಕೈಯಲ್ಲೇ ಬ್ರೇಕು ಹಿಡಿಯೋ ಹಾಗೆ ಮಾಡಿಕೊಡಿ ಅಂದ್ರು. ನಾವು ಆಗಲ್ಲ ಅಂದು ಕಳಿಸಿದ್ವಿ. ಅವರಿಗೆ ನಿಮ್ಮ ನಂಬರ್ ಕೊಡ್ಲಾ?”

ಮೇಸ್ತ್ರಿ ನೋಟ್‌ಬುಕ್ಕಿಗೆ ಕೈ ಚಾಚಿದ. “ಅವರ ವಾರಂಟಿ ಪುಸ್ತಕ ತರೋಕೆ ಹೇಳಿ. ಕಾರು ಆಮೇಲೆ.”

ದೀಪ ಆರಿದ ಕಾರು ಅಂಗಳಕ್ಕೆ ಬಂತು. ಅಕ್ಕ ಹತ್ತಿ ಕುಳಿತಳು. ಅವಳ ತಲೆ, ಹೆಗಲು, ಎದೆಯವರೆಗೂ ಈಗ ಹೊರಗಿನಿಂದ ಕಾಣುತ್ತಿತ್ತು. ಬಲಗೈ ತಾನಾಗಿಯೇ ಗುಂಡಿಗೆ ಹೋಯಿತು, ಅರ್ಧದಲ್ಲೇ ನಿಂತಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಒತ್ತಲೇನೋ?”

ಮೇಸ್ತ್ರಿ ಬಗ್ಗಿ ಸೀಟಿನ ಅಡಿಗೊಮ್ಮೆ ಕಣ್ಣು ಹಾಯಿಸಿದ. ಹಳದಿ ಕೊಂಡಿ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ಆ ಕಡೆಯಿಂದ ಸುತ್ತಿ ಬಂದು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡ. ಅವನ ಸೀಟು ಕಂಪನಿ ಕೊಟ್ಟಂತೆಯೇ ಇದ್ದುದರಿಂದ, ತಮ್ಮ ಮೊಟ್ಟಮೊದಲ ಬಾರಿಗೆ ಅಕ್ಕನನ್ನು ತಲೆಯೆತ್ತಿ ನೋಡಬೇಕಾಯಿತು.

“ಒತ್ತು ಅಕ್ಕ,” ಎಂದ. “ಆದ್ರೆ ನಿಧಾನ. ಹಿಂದೆ ಪೇಷಂಟ್ ಯಾರೂ ಇಲ್ಲ.”