ಎಪಿಗ್ಮೆನಿಯೊ ಹೊತ್ತುಕೊಂಡ ತಪ್ಪು

ಸಾಂತೊ ದೊಮಿಂಗೊ ಚೌಕದ ಕಮಾನುಗಳ ಕೆಳಗೆ ಮದುವೆ ಕಾಗದ ಅಚ್ಚು ಹಾಕುವವರು ಬಹಳ ಮಂದಿ. ಎಲ್ಲರೂ ತೋರಿಸುತ್ತಿದ್ದುದು ಅದೇ ಜೋಡಿ ಪಾರಿವಾಳ, ಅದೇ ಗಂಟೆ. ದೊನ್ ಎಪಿಗ್ಮೆನಿಯೊ ಮಾತ್ರ ಮೊದಲು ಸ್ಟೂಲು ಎಳೆದು ಕೂರಿಸುತ್ತಿದ್ದರು. ಮಗಳ ಮದುವೆ ಕಾಗದಕ್ಕೆಂದು ಹೋದ ನನ್ನನ್ನೂ ಹಾಗೇ ಕೂರಿಸಿದರು.

“ಹುಡುಗಿಗೆ ಏನಿಷ್ಟ, ದೊನ್ಯಾ ಹಸಿಂತಾ? ಪಾರಿವಾಳ ಗೀರಿವಾಳ ಸಾಕಿದಾಳಾ?”

“ಎಲ್ಲಿಯ ಪಾರಿವಾಳ! ನನ್ ಜೊತೆ ತೆಹೊಕೋತೆ ಸುಲಿದೂ ಸುಲಿದೂ ಬೆರಳೇ ಹಳದಿಯಾಗಿದೆ.”

ಚಳಿಗಾಲದಲ್ಲಿ ನಾನು ಮೂಲೆಯಲ್ಲಿ ಆ ಪುಟ್ಟ ಹಳದಿ ಹಣ್ಣಿನ ಬಿಸಿ ಪಾನಕ ಮಾರುತ್ತಿದ್ದೆ. ಗಂಡ ಅರ್ನುಲ್ಫೊ ತೀರಿಹೋದಾಗ ಮಗಳು ಒದಿಲಿಯಾಗೆ ಒಂಬತ್ತು ವರ್ಷ. ಅವಳನ್ನು ಸಾಕಿದ್ದು ಆ ಪಾನಕವೇ.

“ಹಾಗಾದ್ರೆ ಜನವರಿ ಮದುವೆಗೆ ಹೂ ಯಾಕೆ, ಹಣ್ಣೇ ಇರಲಿ” ಎಂದು ಅವರು ಮರದ ತುಂಡಿನಲ್ಲಿ ತೆಹೊಕೋತೆ ಕೊಂಬೆಯೊಂದನ್ನು ಕೆತ್ತಿದರು. ಕಾಗದದ ಅಂಚಿಗೆ, ಲಕೋಟೆಯ ಮೂಲೆಗೆ, ಊಟದ ಮೇಜಿನ ಹೆಸರು ಚೀಟಿಗೆ, ಎಲ್ಲಕ್ಕೂ ಅದೇ ಕೊಂಬೆ.

ಪ್ವೆಬ್ಲಾ ಕಡೆಯ ಬೆಟ್ಟದೂರಿನವರು ಅವರು. ಮದುವೆಯಾಗಲಿಲ್ಲ, ಹಿಂದೆ ಮುಂದೆ ಯಾರೂ ಇರಲಿಲ್ಲ. ಊರಿನವರ ಮದುವೆಗಳಿಗೆಲ್ಲ ಅಚ್ಚಿನ ಮೊಳೆ ಜೋಡಿಸಿ, ಮಧ್ಯಾಹ್ನ ಒಬ್ಬರೇ ನಿಂತು ಜೋಳದ ಕಡುಬು ತಮಾಲೆ ತಿನ್ನುತ್ತಿದ್ದರು.

ಮದುವೆ ಕಾಗದದಲ್ಲಿ ಎರಡೂ ಕಡೆಯ ಅಪ್ಪ ಅಮ್ಮಂದಿರ ಹೆಸರು ಬರಬೇಕು. ತೀರಿಹೋದವರ ಹೆಸರಿನ ಪಕ್ಕ ಪುಟ್ಟ ಶಿಲುಬೆ. ನಾನು ಶಾಲೆಗೆ ಹೋದದ್ದು ಎರಡು ವರ್ಷ. ಹೆಸರುಗಳನ್ನು ಮಗಳು ಬರೆದುಕೊಟ್ಟಳು. ಶಿಲುಬೆಯನ್ನು ಮಾತ್ರ ನಾನೇ ಪೆನ್ಸಿಲಿನಲ್ಲಿ ಹಾಕಿದೆ. ನನ್ನ ಗಂಡನಿಗೆ ಅದನ್ನು ಹಾಕುವ ಕೈ ನನ್ನದೇ ಆಗಿರಲಿ ಎನಿಸಿತ್ತು. ಅಚ್ಚಾಗಿ ಬಂದಾಗ ಮಗಳು ಕೊಂಬೆ ನೋಡಿ ಕುಣಿದಳೇ ಹೊರತು ಹೆಸರು ಓದಲಿಲ್ಲ. ಅರ್ಧ ಕಟ್ಟು ತೊಲುಕಾದಲ್ಲಿದ್ದ ಬೀಗರ ಮನೆಗೆ ಹೋಯಿತು.

ಮೂರನೆಯ ದಿನ ಅಳಿಯನಾಗಬೇಕಿದ್ದ ಸಿಲ್ವಾನೊ ಕಟ್ಟನ್ನು ವಾಪಸು ತಂದ.

“ಅತ್ತೇ, ಶಿಲುಬೆ ನಮ್ಮಪ್ಪನ ಪಕ್ಕ ಇದೆ. ಅಮ್ಮ ಅತ್ತಿದ್ದೇ ಅತ್ತಿದ್ದು. ಅಪಶಕುನ, ಈ ಮದುವೆನೇ ಬೇಡ ಅಂತಾಳೆ.”

ನನ್ನ ಅರ್ನುಲ್ಫೊ ಬದುಕಿದ್ದಂತೆ, ಬದುಕಿರುವ ಬೀಗರು ಸತ್ತಂತೆ! ಅಂಗಡಿಗೆ ಓಡಿದೆ. ದೊನ್ ಎಪಿಗ್ಮೆನಿಯೊ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ನನ್ನ ಹಾಳೆಯನ್ನು ತೆಗೆದರು. ಪೆನ್ಸಿಲಿನ ಗುರುತು ತಪ್ಪು ಸಾಲಿನಲ್ಲಿತ್ತು. ತಪ್ಪು ನನ್ನದೇ. ಅವರು ಹಾಳೆಯನ್ನು ಮಡಚಿ, ಕೈ ಕಾಯಿಸುವ ಅಗ್ಗಿಷ್ಟಿಕೆಗೆ ಹಾಕಿಬಿಟ್ಟರು.

“ಅಯ್ಯೋ, ನಾನೇ ಹೋಗಿ ಒಪ್ಕೋತೀನಿ” ಎಂದೆ.

“ಸುಮ್ನಿರಿ. ನೀವು ಹೇಳಿದ್ರೆ ಹುಡುಗಿ ತಾಯೇ ಬೀಗರನ್ನ ಹೂತಳು ಅಂತಾರೆ. ನಾನು ಹೇಳಿದ್ರೆ ಕೈ ತಪ್ಪಿತು ಅಂತಾರೆ, ಅಷ್ಟೇ.”

ಮರುದಿನ ಬೆಳಿಗ್ಗೆ ಕರಿ ಕೋಟು ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು. ತೊಲುಕಾದಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಬೀಗರು ದೊನ್ ಬಲ್ದೊಮೆರೊ ಮಾಂಸದ ಅಂಗಡಿಯವರು. ಬಾಗಿಲಲ್ಲೇ ನಿಲ್ಲಿಸಿ ಗುಡುಗಿದರು.

“ನೀನೇ ಏನಯ್ಯಾ ನನ್ನ ಸಾಯ್ಸಿದೋನು?”

“ನಾನೇ ಸ್ವಾಮಿ. ಕ್ಷಮಿಸಬೇಕು. ಆದ್ರೆ ಈ ಗಂಟಲು ಕೇಳಿದ ಮೇಲೆ ಧೈರ್ಯ ಬಂತು. ನಿಮ್ಮನ್ನ ಯಾವ ಸ್ಮಶಾನದಲ್ಲೂ ಇಟ್ಕೊಳಲ್ಲ. ಪಕ್ಕದ ಗೋರಿಯವರು ನಿದ್ದೆ ಇಲ್ಲ ಅಂತ ಎದ್ದು ಬರ್ತಾರೆ.”

ಮೊದಲು ನಕ್ಕದ್ದು ಅಳುತ್ತಿದ್ದ ಬೀಗಿತ್ತಿಯೇ. “ಮೂವತ್ತು ವರ್ಷದಿಂದ ನಾನೂ ಅದನ್ನೇ ಬಡ್ಕೋತಿದೀನಿ!” ಎಂದು ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು. ಬೀಗರ ಮೀಸೆಯೂ ಅಲುಗಿತು.

“ಮದುವೆ ನಡೀಲಿ. ಆದ್ರೆ ನಿಂಗೆ ದಂಡ ಇದೆ ಕಣಯ್ಯ. ಕಾಗದದ ಪಾದ್ರಿನೊ ನೀನೇ. ನಿನ್ ಹೆಸರೂ ಅಚ್ಚಾಗ್ಬೇಕು.”

ಉಂಗುರ, ಕೇಕು, ವಾದ್ಯ ಎಂದು ಮದುವೆಯ ಒಂದೊಂದರ ಹೊಣೆ ಹೊರುವವರು ಪಾದ್ರಿನೊಗಳು. ಅವರ ಹೆಸರು ಕಾಗದದ ಕೆಳಗೆ ಬರುತ್ತದೆ. ಅಂದಿನಿಂದ ಅವರು ಎರಡೂ ಮನೆಗೆ ನೆಂಟರು. ವಾಪಸು ಬರುವಾಗ ದೊನ್ ಎಪಿಗ್ಮೆನಿಯೊ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಮಾರನೆಯ ದಿನ ಎಲ್ಲವನ್ನೂ ಹೊಸದಾಗಿ ಜೋಡಿಸಿದರು. ತಮ್ಮ ಹೆಸರಿಗೆ ಬಂದಾಗ ತೀರ ಸಣ್ಣ ಮೊಳೆ ಹೆಕ್ಕಿದರು.

“ಏನಿದು, ಇರುವೆ ಸಾಲು? ದೊಡ್ಡದು ಹಾಕಿ” ಎಂದೆ.

“ದೊಡ್ಡದು ಕೇಕು ಕೊಡೋರಿಗೆ, ಕೊಮಾದ್ರೆ” ಎಂದರು.

ಗೌರವದ ದೊನ್ಯಾ ಹೋಗಿ, ಕೊಮಾದ್ರೆ ಎಂಬ ನೆಂಟಸ್ತನದ ಕರೆ ಅವರ ಬಾಯಿಗೆ ಬಂದದ್ದು ಅದೇ ಮೊದಲು. ನಾನು ಬಿಡಲಿಲ್ಲ, ಕೇಕಿನವರ ಅಳತೆಯ ಮೊಳೆಯನ್ನೇ ಹಾಕಿಸಿದೆ.

ಜನವರಿಯ ಕೊರೆಯುವ ಚಳಿಯಲ್ಲಿ ಮದುವೆ ಆಯಿತು. ಆಮೇಲೆ ಇಪ್ಪತ್ತಾರು ವರ್ಷ, ಅವರು ಕಣ್ಣು ಮುಚ್ಚುವವರೆಗೆ, ಭಾನುವಾರದ ಊಟ ನಮ್ಮ ಮನೆಯಲ್ಲೇ. ನನ್ನ ತಪ್ಪಿನ ಮಾತನ್ನು ಒಂದು ದಿನವೂ ಎತ್ತಲಿಲ್ಲ, ತಮಾಷೆಗೂ ಕೂಡ.