ಕಾಯಿ ಕಟ್ಟದ ಅಶೋಕ

ಡೊಂಬಿವಲಿಯ ನಮ್ಮ ಹಳೆಯ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ, ಅಶೋಕದ ಮರದ ಬುಡದಲ್ಲಿ, ಆ ಸಂಜೆ ನಾವು ಮೂವರೇ ಇದ್ದೆವು: ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೆಳಮನೆಯ ಕಾಕಾ, ಕಟ್ಟೆಯ ಮೇಲೆ ಅಮ್ಮ, ಚಹಾದ ಲೋಟ ಹಿಡಿದು ನಿಂತ ನಾನು. ಕಾಕಾ ಬೆಳಗಾವಿ ಕಡೆಯವರು, ರೈಲ್ವೆಯಿಂದ ನಿವೃತ್ತರಾದವರು. ಮರ ಅವರೇ ನೆಟ್ಟದ್ದು. ಹಳೆಯದನ್ನು ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಕಟ್ಟಡ ಹೋಗುವುದು ಖಾತ್ರಿಯಾಗಿತ್ತು. ಅದರ ಜೊತೆಗೆ ಮರವೂ ಹೋಗುವುದಿತ್ತು. ಅಷ್ಟರೊಳಗೆ ಅದರದೊಂದು ಸಸಿಯಾದರೂ ಎಬ್ಬಿಸಬೇಕೆಂದು ಕಾಕಾ ಹಟ ಹಿಡಿದಿದ್ದರು. ಸಸಿಗೆ ಬೀಜ ಬೇಕು, ಬೀಜಕ್ಕೆ ಕಾಯಿ ಬೇಕು. ಮರವೋ, ಮೈತುಂಬ ಮೊಗ್ಗು ಬಿಟ್ಟೂ ಕಾಯಿ ಕಟ್ಟುತ್ತಿರಲಿಲ್ಲ.

“ಈ ವರ್ಷನೂ ಬರೇ ಹೂವಿನ ಸಡಗರ ಆತು ನೋಡ್ರಿ ಅಕ್ಕಾರ,” ಅಂದರು ಕಾಕಾ. “ಹಕ್ಕಿ ಹರಕೊಂಡು ಹೋಗ್ತಾವೋ ಏನೋ.”

ಅಮ್ಮ ನನ್ನ ಮುಖ ನೋಡಿದಳು. ನಾನು ಲೋಟದ ತಳ ನೋಡಿದೆ.

ಹಕ್ಕಿ ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಕಾಕಾ ಬೆಳಗಿನ ವಾಕಿಂಗಿಗೆ ಹೊರಟರೆಂದರೆ ಅಮ್ಮ ಮೊದಲ ಮಾಳಿಗೆಯ ನಮ್ಮ ಕಿಟಕಿಯ ಗ್ರಿಲ್‌ನಿಂದ ಕೊಡೆಯ ಹಿಡಿ ಚಾಚಿ ಕೊಂಬೆ ಬಗ್ಗಿಸಿ ಹೂಗೊಂಚಲು ಕೊಯ್ಯುತ್ತಿದ್ದಳು. ಬುಟ್ಟಿ ಹಿಡಿಯುವವಳು ನಾನು. ಅಲ್ಲಿಗೆ ಸಿಗದ್ದನ್ನು ಮೆಟ್ಟಿಲ ಕಿಟಕಿಯಿಂದ ಕೊಯ್ಯುವುದು. ಗಿಡ್ಡ ಮರ, ಉಳಿಯುವುದಾದರೂ ಎಷ್ಟು? ಉಡುಪಿ ಕಡೆಯ ನನ್ನ ಅಮ್ಮನಿಗೆ ದೇವಿಯ ಫೋಟೋ ಕೆಂಪಗೆ ತುಂಬದಿದ್ದರೆ ಪೂಜೆ ಮಾಡಿದ ಹಾಗೇ ಅಲ್ಲ.

ನರ್ಸರಿಯಿಂದ ಒಂದು ಸಸಿ ತರಬಾರದೇ ಎಂದು ನಾನು ಜಾಣತನ ತೋರಿಸಲು ಹೋದೆ. ಠಾಣೆಯಿಂದ ತಂದದ್ದೂ ಆಗಿತ್ತಂತೆ. ಅದು ಕಂಬದ ಹಾಗೆ ನೆಟ್ಟಗೆ ಬೆಳೆಯುವ, ಊರೆಲ್ಲ ಅಶೋಕವೆಂದೇ ಕರೆಯುವ ಬೇರೆ ಜಾತಿ.

“ಚಿಗುರು ನೋಡ್ಬೇಕು ತಂಗಿ,” ಅಂದರು ಕಾಕಾ. “ಖರೇ ಅಶೋಕದ ಎಳೀ ಎಲಿ ತಾಮ್ರದ ಬಣ್ಣ, ಒದ್ದಿ ಅರಿವಿ ಹಂಗ ಜೋತು ಬೀಳ್ತದ. ಬಾಡೇದ ಅಂತ ಮಂದಿ ನೀರು ಸುರದು ಸುರದು ಬೇರು ಕೊಳಸ್ತಾರ.”

ಆಮೇಲೆ ಬಿಸಿಲಿಗೆ ಮಿನುಗಿಸಿ ಹಕ್ಕಿ ಬೆದರಿಸಲು ಹಳೆಯ ಸಿ.ಡಿ. ಇದ್ದರೆ ಕೊಡಿರೆಂದು ಕೇಳಿದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಮ್ಮನ ಭಜನೆಯ ಸಿ.ಡಿ.ಗಳನ್ನೇ ತಂದುಕೊಟ್ಟೆ. ಆ ವಯಸ್ಸಿನಲ್ಲಿ ಸ್ಟೂಲು ಹತ್ತಿ, ಕೊಂಬೆಕೊಂಬೆಗೂ ಅವುಗಳನ್ನು ಕಟ್ಟಿದರು. ನಾನು ಸ್ಟೂಲು ಹಿಡಿದುಕೊಂಡು ನಿಂತಿದ್ದೆ, ಬುಟ್ಟಿ ಹಿಡಿದ ಅದೇ ಕೈಯಲ್ಲಿ.

ಮೇಲೆ ಬಂದು ಅಮ್ಮನಿಗೆ ಸಾಕಿನ್ನು ಅಂದೆ.

“ದೇವರಿಗೆ ಇಟ್ಟದ್ದಲ್ವಾ? ನಾನೆಂತ ಮುಡ್ಕೊಂಡು ತಿರುಗಿದ್ದಾ?”

“ಹಾಗಾದ್ರೆ ಕಾಕಾ ಬಂದಾಗೆಲ್ಲ ದೇವರ ಮುಂದೆ ಪರದೆ ಎಳೆಯುದು ಎಂತಕ್ಕೆ?”

ಅವಳು ಆ ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ.

ಮುಂದಿನ ಹೂವಿನ ಕಾಲಕ್ಕೆ ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಅಮ್ಮ ಗ್ರಿಲ್‌ನಿಂದ ಕೈ ಹೊರಗೆ ಹಾಕಿ ಗೊಂಚಲುಗಳಿಗೆ ಅರಿಸಿನದ ನೂಲು ಕಟ್ಟುತ್ತಿದ್ದಳು. ದೇವಿಗೆ ಮುಡಿಪು. ಮುಡಿಪೆಂದು ಕಟ್ಟಿದ ಮೇಲೆ ಅವಳಾದರೂ ಅದನ್ನು ಮುಟ್ಟುವಂತಿಲ್ಲ. ಬೇರೆ ಯಾವ ಮಾತಿಗೂ ಆ ಕೈ ನಿಲ್ಲುತ್ತಿರಲಿಲ್ಲವೆಂದು ಅವಳಿಗೇ ಗೊತ್ತಿರಬೇಕು. ದೇವರಿಗೆ ಸ್ಟೇಷನ್ ಹತ್ತಿರದ ಚೆಂಡುಹೂ ಬಂತು.

ಮಳೆಗೆ ಮುಂಚೆ ನೇರಳೆಗೆಂಪು ಬಣ್ಣದ ಚಪ್ಪಟೆ ಕಾಯಿಗಳು ಜೋತಾಡಿದವು. ಕಾಕಾ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ಕೈಮುಗಿದರು.

“ಎಲ್ಲಾ ನಿಮ್ಮ ಭಜನಿ ಸಿ.ಡಿ. ಪುಣ್ಯ, ಅಕ್ಕಾರ. ಒಂದು ಹಕ್ಕಿ ಹತ್ರ ಸುಳೀಲಿಲ್ಲ.”

ಅಮ್ಮ ಕಾಫಿ ಮಾಡುವ ನೆವದಲ್ಲಿ ಒಳಗೆ ಹೋದಳು. ಹಕ್ಕಿ ಯಾರೆಂದು ಹೇಳುವುದಾದರೆ ಅದೇ ಹೊತ್ತು. ನಾನು ಕುರ್ಚಿ ಸರಿಸಿ, ಕೂತ್ಕೊಳ್ಳಿ ಕಾಕಾ ಎಂದೆ, ಅಷ್ಟೆ. ಅವರ ಖುಷಿ ಕೆಡಿಸಬಾರದೆಂದು ಸುಮ್ಮನಿದ್ದೆನೆಂದು ಹೇಳಿಕೊಳ್ಳಬಹುದು. ಹಾಗಲ್ಲ ಎಂದು ನನಗೆ ಗೊತ್ತು.

ಬಿದ್ದ ಬೀಜವನ್ನು ಒಣಗಗೊಡದೆ ಅಂದೇ ಊರಿದ್ದಕ್ಕೆ ಎರಡು ಸಸಿ ಎದ್ದವು. ಕಟ್ಟಡ ಖಾಲಿಯಾದಾಗ ಕಾಕಾ ಕಲ್ಯಾಣದ ಮಗನ ಮನೆಗೆ ಹೋದರು, ನಾವು ಠಾಣೆಯ ಬಾಡಿಗೆ ಫ್ಲ್ಯಾಟಿಗೆ ಬಂದೆವು. ಹೊರಡುವಾಗ ಒಂದು ಸಸಿಯನ್ನು, ಎಣ್ಣೆಯ ಡಬ್ಬಿಯಲ್ಲಿಟ್ಟು, ಅಮ್ಮನ ಕೈಗೇ ಕೊಟ್ಟರು. ಮರವನ್ನು ಆ ವಾರವೇ ಕಡಿದರಂತೆ.

ಮೊನ್ನೆ ಬಾಲ್ಕನಿಯಲ್ಲಿ ಸಸಿ ಹೊಸ ಚಿಗುರು ಬಿಟ್ಟಿತು. ತಾಮ್ರದ ಬಣ್ಣದ ಎಲೆಗಳು ಜೋತುಬಿದ್ದಿದ್ದವು. ಅಮ್ಮ ಗಾಬರಿಯಿಂದ ಚೊಂಬು ತುಂಬಿಕೊಂಡು ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ನೀರನ್ನು ತುಳಸಿಗೆ ಹಾಕಿ ಒಳಗೆ ಹೋದಳು.