ಬೆತ್ತದ ಪೊದೆಯೊಳಗಿನಿಂದ ಬಂದ ಚಪ್ಪಾಳೆ

ಭಗವದ್ಭಕ್ತರಾದ ಬಂಧುಗಳೇ, ಹೊಳೆನರಸೀಪುರದಲ್ಲಿ ಸಂಸ್ಕೃತ ಪಾಠ ಹೇಳುತ್ತಲೇ ತಲೆ ನರೆತ ಉಪಾಧ್ಯಾಯ ನಾನು. ವಿಳಂಬಿ ಸಂವತ್ಸರದ ಕಾರ್ತಿಕ ಮಾಸದಲ್ಲಿ, ಬಿಸಿಲೆ ಘಾಟಿಯ ದಟ್ಟಡವಿಯಲ್ಲಿ, ನನ್ನ ಧರ್ಮಪತ್ನಿ ಕಮಲಮ್ಮ ಕಣ್ಮರೆಯಾದಳು. ನಾವು ಕೂಗಿದೆವು. ಅವಳು ಓಗೊಡುವಂತಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ನಮ್ಮ ಒಬ್ಬಳೇ ಮಗಳು ವಿಷಮಶೀತ ಜ್ವರದಿಂದ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಳು. ವೈದ್ಯರೂ ಭರವಸೆಯ ಮಾತನಾಡದೆ ಹೋದ ದಿನ, ಕಮಲಮ್ಮ ಮಂಚದ ಪಕ್ಕದಲ್ಲೇ ಕೈಮುಗಿದು ಕುಕ್ಕೆಯ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಳು: ಮಗಳು ಎದ್ದು ಕುಳಿತು ಗಂಜಿ ಕುಡಿದರೆ, ಘಾಟಿಯನ್ನು ನಡೆದೇ ಇಳಿದು ಬರುವೆ, ಕುಮಾರಧಾರೆಯಲ್ಲಿ ಮೀಯುವವರೆಗೆ ಕಾಷ್ಠಮೌನದಲ್ಲಿರುವೆ, ಎಂದು. ಕಾಷ್ಠಮೌನವೆಂದರೆ ಮಾತನ್ನು ಮಾತ್ರವಲ್ಲ, ಕೈಸನ್ನೆ ಕಣ್ಸನ್ನೆಗಳನ್ನೂ ತೊರೆದು ಕಟ್ಟಿಗೆಯಂತಿರುವುದು. ಮಗಳು ಉಳಿದಳು. ಹರಕೆ ತೀರಿಸಬೇಕಾಗಿತ್ತು.

ಅರಕಲಗೂಡಿನ ಬಳಿ ಹೊಗೆಸೊಪ್ಪು ಬೆಳೆಯುತ್ತಿದ್ದ ನಿಂಗೇಗೌಡರು ವರ್ಷಕ್ಕೊಮ್ಮೆ ಆ ದಾರಿಯಲ್ಲಿ ಯಾತ್ರಿಕರನ್ನು ಕರೆದೊಯ್ಯುತ್ತಿದ್ದರು. ಬಸ್ಸು ಹೋಗುವಷ್ಟು ದೂರ ಬಸ್ಸಿನಲ್ಲಿ, ಮುಂದೆ ಎತ್ತಿನ ಗಾಡಿಯಲ್ಲಿ ಸಾಗಿ, ಬಿಸಿಲೆಯಲ್ಲಿ ತಂಗಿ, ಮರುದಿನ ಬೆಳಗ್ಗೆ ನಮ್ಮ ಗುಂಪು ಇಳಿಯತೊಡಗಿತು. ಕಮಲಮ್ಮ ಮೌನ ಹಿಡಿದಳು.

ಅರಣ್ಯವರ್ಣನೆಯ ಶ್ಲೋಕಗಳನ್ನು ಎಷ್ಟು ಸಲ ಪಾಠ ಹೇಳಿದ್ದೆನೋ! ಅರಣ್ಯಕ್ಕೆ ಕಾಲಿಟ್ಟದ್ದು ಅದೇ ಮೊದಲು. ನಡುಹಗಲಿನಲ್ಲೂ ಸಂಜೆಯ ಬೆಳಕು, ಜೀರುಂಡೆಗಳ ಘೋಷ, ಪಾಚಿ ಹಿಡಿದ ಬಂಡೆಯಿಂದ ಬಂಡೆಗೆ ಕಾಲಿಡುವಾಗ ಎದೆ ಡವಗುಟ್ಟುತ್ತಿತ್ತು, ಆದರೂ ಮನಸ್ಸು ಮಗುವಿನಂತೆ ಕುಣಿಯುತ್ತಿತ್ತು. ಇಂಬಳಗಳು ರಕ್ತ ಹೀರದಂತೆ ಎಲ್ಲರೂ ಕಾಲಿಗೆ ಹೊಗೆಸೊಪ್ಪು ಸುಣ್ಣ ತಿಕ್ಕಿಕೊಂಡಿದ್ದೆವು. ಹಳ್ಳ ದಾಟುವಾಗ ಅದೂ ತೊಳೆದುಹೋಯಿತು. ಚನ್ನರಾಯಪಟ್ಟಣದ ಬಸಮ್ಮನೆಂಬ ವಿನೋದಸ್ವಭಾವದ ಹೆಂಗಸು ನನ್ನವಳ ಕಾಲು ನೋಡಿ, “ಅಕ್ಕಯ್ಯ, ಅಷ್ಟೊಂದು ಇಂಬಳ ಅಂಟ್ಕಂಡವೆ. ಒಂದ್ಕಿತ ಅಯ್ಯೋ ಅನ್ನಿ, ಸ್ವಾಮಿ ಏನೂ ಅಂದ್ಕಳಾಕಿಲ್ಲ,” ಎಂದಳು. ಕಮಲಮ್ಮನ ಹುಬ್ಬೂ ಅಲುಗಲಿಲ್ಲ.

ಹೊತ್ತು ಇಳಿಮುಖವಾದಾಗ ಪಕ್ಕದಲ್ಲೇ ಬಿದಿರು ಮುರಿದ ಸದ್ದಾಯಿತು. ಆನೆಗಳು! ಗೌಡರು ಓಡಿರೆಂದು ಕೈಬೀಸಿದ್ದೇ ತಡ, ಎಲ್ಲರೂ ದಿಕ್ಕಾಪಾಲಾಗಿ ಓಡಿದೆವು. ಸದ್ದು ದೂರ ಸರಿದ ಮೇಲೆ ಒಟ್ಟುಗೂಡಿ ನೋಡಿದರೆ ಕಮಲಮ್ಮನಿಲ್ಲ.

ಕೂಗಿದೆವು; ಕಾಡೇ ಮರುದನಿಗೊಟ್ಟಿತು. ಗಂಡನಾಗಿ ಅಪ್ಪಣೆ ಕೊಡುತ್ತೇನೆ, ವ್ರತಭಂಗದ ದೋಷ ನನಗಿರಲಿ, ಒಂದು ಮಾತಾಡು ಎಂದು ಬೇಡಿದೆ. ಮಗಳ ಪ್ರಾಣ ಆ ವ್ರತಕ್ಕೆ ಕಟ್ಟಿದೆಯೆಂದು ನಂಬಿದವಳು ತನ್ನ ಪ್ರಾಣಕ್ಕಾಗಿ ಬಾಯಿ ತೆರೆಯುವಳೇ? ಮಂಜು ಇಳಿಯತೊಡಗಿತು. ಕತ್ತಲಾಗುವ ಮುನ್ನ ಉಳಿದವರನ್ನು ಕೆಳಗೆ ಸೇರಿಸಲೇಬೇಕು, ನಾಳೆ ಜನ ಕರಕೊಂಡು ಹುಡುಕೋಣ ಎಂದು ಗೌಡರು ತಲೆ ತಗ್ಗಿಸಿ ಹೇಳಿದರು. ಆ ಕಾಡಿನಲ್ಲಿ ಅವಳಿಗೆ ನಾಳೆಯೆಂಬುದುಂಟೇ?

ನಾನು ಅಲ್ಲೇ ಕುಳಿತುಬಿಟ್ಟೆ. ಬೇರೆ ದಾರಿಗಾಣದೆ, ದಿನವೂ ಪೂಜೆಯಲ್ಲಿ ಹೇಳುವ ಸ್ತೋತ್ರವನ್ನು ಗಟ್ಟಿಯಾಗಿ ಆರಂಭಿಸಿದೆ. ದುಃಖದಲ್ಲಿ ನಡುವಿನ ಒಂದು ಶ್ಲೋಕ ಬಿಟ್ಟುಹೋಯಿತು.

ಕೂಡಲೇ ಎಡಬದಿಯ ಇಳಿಜಾರಿನಿಂದ ಒಂದು ಚಪ್ಪಾಳೆ!

ಬಂಧುಗಳೇ, ಇದು ನಮ್ಮ ಮನೆಯ ರೂಢಿ. ನಾನು ಪಾರಾಯಣ ಮಾಡುವಾಗ ಅವಳು ಹೂ ಕಟ್ಟುತ್ತ ಕೇಳುತ್ತಿರುತ್ತಾಳೆ. ಎಲ್ಲಿ ತಪ್ಪಿದರೂ ಒಮ್ಮೆ ಚಪ್ಪಾಳೆ ತಟ್ಟುತ್ತಾಳೆ, ನಾನು ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತೇನೆ.

ನಾನು ಇದನ್ನು ಹೇಳಿದಾಗ ಗೌಡರು ಮಚ್ಚು ಹಿರಿದು ಎದ್ದರು. “ಇನ್ನೊಂದ್ಕಿತ ತಪ್ಪೇಳಿ ಸಾಸ್ತ್ರಿಗಳೆ,” ಎಂದರು.

ತಿಳಿದೂ ತಿಳಿದೂ ಸ್ತೋತ್ರವನ್ನು ಕೆಡಿಸುವುದೇ!

“ತಪ್ಪೇಳಿ ಅಂದ್ರೆ. ಸ್ತೋತ್ರ ಕೇಳ್ಕಳಾ ಸ್ವಾಮಿಗೂ ಅಮ್ಮಾರು ಉಳ್ಯೋದೇ ಬೇಕು ಕಣ್ ಸಾ.”

ಕಣ್ಣುಮುಚ್ಚಿ ಕ್ಷಮೆ ಬೇಡಿ, ಶ್ಲೋಕದ ಒಂದು ಪಾದವನ್ನು ನುಂಗಿದೆ. ಚಪ್ಪಾಳೆ! ಗೌಡರು ಪೊದೆ ಕಡಿದು ಮುಂದೆ ಸರಿದರು. ಎರಡು ಶ್ಲೋಕಗಳನ್ನು ಅದಲುಬದಲು ಮಾಡಿದೆ. ಇನ್ನೂ ಸಮೀಪದಲ್ಲಿ ಚಪ್ಪಾಳೆ, ಈ ಸಲ ತುಸು ಕೋಪದಿಂದ! ಹಿಂದಿನಿಂದ ಬಸಮ್ಮ ಅಳುತ್ತಳುತ್ತಲೇ, “ಇನ್ನಷ್ಟು ಕೆಡ್ಸಿ ಅಯ್ನೋರೆ,” ಎನ್ನುತ್ತಿದ್ದಳು. ಜೀವಮಾನದಲ್ಲಿ ಅಷ್ಟು ಉತ್ಸಾಹದಿಂದ ನಾನು ಎಂದೂ ತಪ್ಪು ಹೇಳಿಲ್ಲ.

ಕೆಳಗೆ ಬೆತ್ತದ ಪೊದೆಯಲ್ಲಿ ಅವಳಿದ್ದಳು. ಜಾರಿ ಬಿದ್ದು, ಒಂದು ಕಾಲು ಬೇರುಗಳ ನಡುವೆ ಸಿಕ್ಕಿ, ಸೀರೆಯೆಲ್ಲ ಮುಳ್ಳಿಗೆ ಹೆಣೆದುಕೊಂಡು, ಅಲುಗದೆ ಕುಳಿತಿದ್ದಳು. ಗೌಡರು ಮುಳ್ಳು ಬಿಡಿಸಿದರು. ಅವಳು ನನ್ನ ಕಡೆ ಕಣ್ಣೆತ್ತಲೂ ಇಲ್ಲ. ಗೌಡರ ಹೆಗಲಾಸರೆಯಲ್ಲಿ, ಪಂಜಿನ ಬೆಳಕಿನಲ್ಲಿ, ಘಾಟಿ ಇಳಿದೆವು.

ಮರುದಿನ ಮುಂಜಾನೆ ಕುಮಾರಧಾರೆಯಲ್ಲಿ ಮುಳುಗಿ ಎದ್ದವಳು ತಲೆ ಒರೆಸಿಕೊಳ್ಳುವ ಮೊದಲೇ ಬಾಯಿ ತೆರೆದಳು. “ನೆನ್ನೆ ನಿಮಗೇನಾಗಿತ್ತೂಂದ್ರೆ? ಸ್ವಾಮಿ ಬಾಗಿಲಿಗೆ ಬಂದು ಅಷ್ಟೊಂದು ತಪ್ಪೇ?”

ಕರೆದಾಗ ತಟ್ಟಬಾರದಿತ್ತೇ ಎಂದು ಕೇಳಿದೆ. “ಕರೆದದ್ದಕ್ಕೆ ತಟ್ಟಿದ್ದರೆ ಉತ್ತರ ಕೊಟ್ಟ ಹಾಗಾಗುತ್ತಿತ್ತು. ಸ್ತೋತ್ರ ತಪ್ಪಿದಾಗ ಕೈ ತಾನಾಗಿ ತಟ್ಟಿತು. ಅದು ನನ್ನ ಮಾತಲ್ಲ,” ಎಂದಳು.

ಅದು ಅವಳ ಮಾತು ಅಲ್ಲವೇ ಅಲ್ಲ. ಆಮೇಲಿನ ತಪ್ಪುಗಳೆಲ್ಲ ನನ್ನವು. ಮೊದಲನೆಯದು ಆ ಷಣ್ಮುಖನದು. ಅಷ್ಟು ವರ್ಷ ಅಸ್ಖಲಿತವಾಗಿ ಪಠಿಸಬೇಕೆಂದೇ ಪ್ರಾರ್ಥಿಸುತ್ತಿದ್ದವನನ್ನು, ತಪ್ಪಿಸಿಯೇ ಕಾಪಾಡಿದ ಕರುಣಾಳುವಿಗೆ ಯಾವ ಭಾಷೆಯಲ್ಲಿ ಕೃತಜ್ಞತೆ ಹೇಳಲಿ?

ಮಗಳು ಈಗ ಸಂಸಾರಸ್ಥಳು, ಕ್ಷೇಮವಾಗಿದ್ದಾಳೆ. ನನಗೆ ನೆನಪು ಮಸುಕಾಗುತ್ತಿದೆ. ಇಂದು ಬೆಳಗ್ಗೆ ಪೂಜೆಯಲ್ಲಿ ಮತ್ತೆ ಒಂದು ಪಾದ ಮರೆತೆ. ನಡುಮನೆಯಿಂದ ಚಪ್ಪಾಳೆ ಕೇಳಿಸಿತು. ನಾನು ತಿದ್ದಿಕೊಳ್ಳುವ ಮೊದಲು ಕಣ್ಣೊರೆಸಿಕೊಂಡು, ಸ್ವಾಮಿಗೆ ಇನ್ನೊಂದು ನಮಸ್ಕಾರ ಮಾಡಿದೆ.